ಒಂದು ಬಿಟ್ಟು ಒಂದು ತೂತು

ತೂತು ಕೊರೆಯುವವನನ್ನು ಯಾರೂ ನಂಬುವುದಿಲ್ಲ. ಗೋಡೆಗೆ ಮೊಳೆ ಹೊಡೆಯಲು ಬಂದವನ ಹಿಂದೆ ಮನೆಯ ಯಜಮಾನ ನಿಂತೇ ಇರುತ್ತಾನೆ. ಹೊಲದಲ್ಲಿ ಬೋರ್ ಹಾಕುವ ಲಾರಿಯ ಹಿಂದೆ ಅರ್ಧ ಊರೇ ನಿಂತಿರುತ್ತದೆ. ನಾನು ಕೊರೆಯಿಸುವ ತೂತುಗಳು ಸಾಸಿವೆಗಿಂತ ಸಣ್ಣವು. ಹಾಗಾಗಿ ಸಂಶಯವೂ ಅಷ್ಟೇ ಸಣ್ಣದಿರಬಹುದು ಎಂದುಕೊಂಡು ಈ ಕೆಲಸಕ್ಕೆ ಸೇರಿದೆ. ತೂತು ಸಣ್ಣದಾದಷ್ಟೂ ಅದರಲ್ಲಿ ಏನೋ ಬಚ್ಚಿಟ್ಟಿದ್ದಾನೆ ಎಂಬ ಗುಮಾನಿ ದೊಡ್ಡದಾಗುತ್ತದೆ ಎಂಬುದು ಆಮೇಲೆ ತಿಳಿಯಿತು. ಅಂಥ ಪ್ರಸಂಗಗಳು ನನ್ನ ಮಟ್ಟಿಗೆ ವಾರಕ್ಕೊಂದರಂತೆ ನಡೆಯುತ್ತಲೇ ಇರುತ್ತವೆ.

ನಮ್ಮದು ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ರಸ್ತೆಯ ಪಕ್ಕದ ಒಂದು ತಗಡು ಪತ್ರಾಸಿನ ಶೆಡ್ಡು. ಅಲ್ಲಿ ಒಣದ್ರಾಕ್ಷಿ ಆರಿಸುವ ಯಂತ್ರ ತಯಾರಾಗುತ್ತದೆ. ಕಾಳುಗಳು ಬೆಲ್ಟಿನ ಮೇಲೆ ಓಡುತ್ತವೆ, ಕ್ಯಾಮೆರಾ ನೋಡುತ್ತದೆ, ಕೆಟ್ಟ ಕಾಳನ್ನು ಗಾಳಿ ಊದಿ ಬೇರೆ ಡಬ್ಬಿಗೆ ಹಾರಿಸುತ್ತದೆ. ಕ್ಯಾಮೆರಾ ಕಂಡದ್ದನ್ನು ಒಳಗಿನ ಚಿಪ್‌ಗೆ ತಲುಪಿಸುವ ಹಸಿರು ಬೋರ್ಡನ್ನು ವಿನ್ಯಾಸ ಮಾಡುವವನು ನಾನು. ನನ್ನ ತೂತುಗಳೆಲ್ಲ ಇರುವುದು ಆ ಬೋರ್ಡಿನಲ್ಲೇ.

ಶೆಡ್ಡಿನ ಮಾಲೀಕರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಾರೆ. ಕಾಗವಾಡದ ಕಡೆ ಅವರ ದ್ರಾಕ್ಷಿ ತೋಟವಿದೆ. ಮೊದಲ ಯಂತ್ರವನ್ನು ಮಂಗಸೂಳಿ ಕಡೆಯ ಒಬ್ಬ ಒಣದ್ರಾಕ್ಷಿ ವ್ಯಾಪಾರಿಗೆ ತೋರಿಸುವುದೆಂದು ಗೊತ್ತಾದಾಗ ನನ್ನನ್ನು ಕರೆದು ಹೇಳಿದರು: "ಎಂಜಿನಿಯರ್ರ, ಅಮಾಸಿ ಮುಗದ ಮ್ಯಾಲ ವ್ಯಾಪಾರಿ ಬರತಾನ. ಅಂದು ಚಿತ್ರ ಛಲೋ ಬಂದ್ರ ನೀವು ಇಲ್ಲೇ ಇರ್ರಿ. ಬರಲಿಲ್ಲ ಅಂದ್ರ ಬ್ಯಾರೆ ಕಡೆ ಕೆಲಸ ನೋಡ್ಕೋರಿ. ನಮ್ಮ ನಡುವ ಸಿಟ್ಟು ಸೆಡವು ಏನೂ ಇಲ್ಲ."

ಸಿಟ್ಟಿಲ್ಲ ಎಂದು ಮೊದಲೇ ಹೇಳುವವರನ್ನು ಕಂಡರೆ ನನಗೂ ಸಂಶಯ.

ನೀರು ಬಾರದ ಬೋರು

ನನ್ನ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ ಸಾವ್ಕಾರ್ರ ಮುಂದೆ ಹರಡಿದೆ. ಅವರು ಜೇಬಿನಿಂದ ಭೂತಗನ್ನಡಿ ತೆಗೆದರು. ದ್ರಾಕ್ಷಿ ಎಲೆಯ ಹುಳ ನೋಡುವ ಕನ್ನಡಿ ಅದು. ಅದೇ ಕಣ್ಣಿನಿಂದ ನನ್ನ ತೂತುಗಳನ್ನು ನೋಡಿದರು.

"ಇದು ಯಾತರ ತೂತು?"

"ಸಿಗ್ನಲಿಂದ್ರಿ."

"ಇದು?"

"ಗ್ರೌಂಡಿಂದ್ರಿ."

"ಮಗ್ಗಲದ್ದು?"

"ಅದೂ ಗ್ರೌಂಡಿಂದ."

"ಹತ್ತು ತೂತಿನಾಗ ಆರು ಗ್ರೌಂಡಿಂದ ಆದ್ರ ನಮ್ಮ ಯಂತ್ರದ್ದು ಎಷ್ಟ್ರಿ?"

ಎಲ್ಲವೂ ನಮ್ಮ ಯಂತ್ರದ್ದೇ ಎಂದೆ. ಅವರು ಕನ್ನಡಿ ಕೆಳಗಿಟ್ಟರು. "ಹೊಲದಾಗ ತೂತು ಹೊಡದ್ರ ನೀರರೆ ಬರತೈತಿ. ಇದರಾಗ ಏನ್ ಬರತೈತಿ?"

"ಏನೂ ಬರಂಗಿಲ್ರಿ. ಚಿತ್ರದಾಗ ಗದ್ದಲ ಬರಬಾರದು ಅಂತನ ಹಾಕಿದ್ದು."

"ಈಗ ಗದ್ದಲ ಐತೇನು?"

"ಇನ್ನೂ ಬೋರ್ಡ ಆಗಿಲ್ಲಲ್ರಿ."

"ಅಂದ್ರ ಇನ್ನೂ ಬರಲಾರದ್ದನ್ನ ತಡ್ಯಾಕ, ಏನೂ ಬರಲಾರದ ತೂತು."

ಹೌದು ಎಂದೆ. ಸಾವ್ಕಾರ್ರು ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು: "ಖರೇ ಹೇಳ್ರಿ. ಆ ತೂತು ಕೊರಿಯೋ ಕಂಪನಿಯಾಂವ ನಿಮ್ಮ ಬೀಗ್ರೇನು?"

ಹೊಲ ಯಾರದು?

ಮರುದಿನ ನಾನು ತಯಾರಾಗಿ ಬಂದಿದ್ದೆ. ಕ್ಯಾಮೆರಾದ ಸಿಗ್ನಲ್ ಬಹಳ ವೇಗದ್ದು. ಅದು ಬೋರ್ಡಿನ ಮೇಲ್ಪದರದಲ್ಲಿ ಓಡುವಾಗ ಅದರ ಕೆಳಗೇ, ಗ್ರೌಂಡಿನ ತಾಮ್ರದ ಹಾಳೆಯಲ್ಲಿ, ನೆರಳಿನಂತೆ ವಾಪಸ್ಸು ಬರುವ ಕರೆಂಟು ಇರುತ್ತದೆ. ಸಿಗ್ನಲ್ ಒಂದು ತೂತಿನಲ್ಲಿ ಕೆಳಪದರಕ್ಕೆ ಇಳಿದರೆ, ವಾಪಸ್ಸು ಬರುವುದಕ್ಕೂ ಪಕ್ಕದಲ್ಲೇ ಒಂದು ತೂತು ಬೇಕು. ಅದೇ ಗ್ರೌಂಡ್ ವಯಾ. ಇಲ್ಲದಿದ್ದರೆ ಅದು ದಾರಿ ಹುಡುಕುತ್ತ ಬೋರ್ಡೆಲ್ಲ ಅಲೆದು, ಕಂಡವರ ಸಿಗ್ನಲಿನಲ್ಲಿ ಕೈ ಹಾಕುತ್ತದೆ. ಇಷ್ಟನ್ನೂ ಹೇಳಿದೆ.

"ಹೋದ ತೂತಿನಾಗ ಹೊಳ್ಳಿ ಬರಾಕ ಏನ್ ಧಾಡಿ ಅದಕ್ಕ?" ಎಂದರು ಸಾವ್ಕಾರ್ರು. "ಅಂಕಲಿ ಕಡೆ ನಮ್ಮ ಹೊಲದ ದಾರಿ ಒಂದ ಐತಿ. ಕಬ್ಬಿನ ಟ್ರ್ಯಾಕ್ಟರ್ ಅದರಾಗ ಹೋಗತಾವ, ಅದರಾಗ ಬರತಾವ."

"ಎರಡು ಎದುರು ಬದುರು ಆದ್ರ ಏನ್ ಮಾಡತಾರ್ರಿ?"

"ಒಬ್ಬಾಂವ ಮಗ್ಗಲ ಹೊಲದಾಗ ಇಳಸತಾನ."

"ಇಳಸಿದ್ರ?"

"ಹೊಲದಾಂವ ಬಡಿಗಿ ತಗೊಂಡು ಬಡ್ಯಾಕ ಬರತಾನ."

"ಚಿತ್ರದಾಗೂ ಅದ ಆಗತೈತ್ರಿ. ಅದಕ್ಕ ಬರೋ ದಾರಿ ಬ್ಯಾರೆ."

ಸಾವ್ಕಾರ್ರು ತಲೆ ಅಲ್ಲಾಡಿಸಿದರು. ಅರ್ಥವಾಯಿತು ಎಂದು ನನಗೆ ಸಂತೋಷವಾಯಿತು. ಅವರು ನಕ್ಷೆಯ ಮೇಲೆ ಬಗ್ಗಿ, ಎರಡು ತೂತುಗಳ ನಡುವಿನ ಖಾಲಿ ಜಾಗಕ್ಕೆ ಬೆರಳಿಟ್ಟು ಕೇಳಿದರು: "ಈ ಹೊಲ ಯಾರದು?"

ಹುಲಿ ಪಟ್ಟೆ

ಬೋರ್ಡು ಮಾಡುವ ಕಂಪನಿಗೆ ನಕ್ಷೆ ಹೋಯಿತು, ಬೋರ್ಡು ಬಂತು. ಯಂತ್ರಕ್ಕೆ ಕೂಡಿಸಿ ಒಂದು ಬೊಗಸೆ ದ್ರಾಕ್ಷಿ ಸುರಿದೆವು. ಪರದೆಯ ಮೇಲೆ ಪ್ರತಿ ಕಾಳೂ ಹುಲಿಯಂತೆ ಪಟ್ಟೆ ಪಟ್ಟೆಯಾಗಿ ಮೂಡಿತು. ಯಂತ್ರ ಅಂಥ ದ್ರಾಕ್ಷಿಯನ್ನು ಹಿಂದೆಂದೂ ಕಂಡಿರಲಿಲ್ಲ. ಎಲ್ಲವನ್ನೂ ಊದಿ ಕೆಟ್ಟ ಡಬ್ಬಿಗೆ ಹಾರಿಸಿತು.

ಅಮಾವಾಸ್ಯೆಗೆ ಎರಡೇ ವಾರ ಉಳಿದಿತ್ತು. ನಾನು ಕ್ಯಾಮೆರಾವನ್ನು ಸಂಶಯಿಸಿದೆ, ಬದಲಿಸಿದೆ. ಕೇಬಲ್ಲನ್ನು ಸಂಶಯಿಸಿದೆ, ಬದಲಿಸಿದೆ. ಸಾವ್ಕಾರ್ರು ನನ್ನನ್ನು ಸಂಶಯಿಸುತ್ತಿದ್ದರು. ಅವರು ಬದಲಿಸುವ ಮೊದಲು ನಾನು ಪಕ್ಕದ ವೆಲ್ಡಿಂಗ್ ಅಂಗಡಿಯನ್ನು ಸಂಶಯಿಸಿದೆ. ಅಲ್ಲಿ ಕಿಡಿ ಹಾರಿದಾಗಲೆಲ್ಲ ನಮ್ಮಲ್ಲಿ ಪಟ್ಟೆ ಬರುತ್ತಿರಬಹುದು. ಕೈಯಲ್ಲಿ ಮೀಟರ್ ಹಿಡಿದು ಹೋಗಿ ವಿನಯದಿಂದ ಕೇಳಿದೆ: "ಒಂದು ತಾಸು ವೆಲ್ಡಿಂಗ್ ಬಂದ್ ಮಾಡತೀರೇನ್ರಿ? ನಿಮ್ಮ ಕರೆಂಟು ಸ್ವಲ್ಪ ನೋಡಬೇಕಾಗೇತಿ."

ಅಂಗಡಿಯವನು ನನ್ನನ್ನು ನೋಡಿದ, ಮೀಟರನ್ನು ನೋಡಿದ, ಮೇಲೆ ಕಂಬಕ್ಕೆ ಕೊಕ್ಕೆ ಹಾಕಿ ತನ್ನ ಅಂಗಡಿಗೆ ಇಳಿಸಿಕೊಂಡಿದ್ದ ತಂತಿಯನ್ನು ನೋಡಿದ. "ಎರಡು ಮಿನಿಟ್ ನಿಂದರ್ರಿ ಸಾಹೇಬ್ರ, ಛಾ ಹೇಳಿ ಬರತೀನಿ" ಎಂದು ಹೋದ.

ಆ ಚಹಾ ಇನ್ನೂ ಬಂದಿಲ್ಲ. ಅವನು ರಾಯಬಾಗದ ಅತ್ತೆಮನೆಯಲ್ಲಿ ನಾಲ್ಕು ದಿನ ಇದ್ದನೆಂದು ಆಮೇಲೆ ಗೊತ್ತಾಯಿತು. ನಾಲ್ಕೂ ದಿನ ವೆಲ್ಡಿಂಗ್ ಪೂರ್ತಿ ಬಂದ್. ಪಟ್ಟೆಗಳು ಮಾತ್ರ ಊರಲ್ಲೇ ಇದ್ದವು.

ಇಲಿ ಬರುವ ದಾರಿ

ನಮ್ಮಲ್ಲಿ ಬೋರ್ಡಿಗೆ ಬಿಡಿಭಾಗ ಬೆಸೆಯುವವರು ಅಂಕಲಿಯ ಒಬ್ಬ ಹೆಣ್ಣುಮಗಳು. ಎಲ್ಲರಿಗೂ ಅಕ್ಕ. ಕೈ ಬಹಳ ಶುದ್ಧ, ಬಾಯಿ ಅದಕ್ಕಿಂತ ಶುದ್ಧ. ಅನಿಸಿದ್ದನ್ನು ತೊಳೆದು ಮುಂದಿಡುತ್ತಾರೆ.

ಕೊನೆಗೆ ನಾನು ಬೋರ್ಡನ್ನೇ ಸಂಶಯಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಗ್ರೌಂಡ್ ವಯಾಗಳಿದ್ದರೆ ಆಚೆಯ ಬೆಳಕು ಚುಕ್ಕಿ ಚುಕ್ಕಿಯಾಗಿ ಕಾಣಬೇಕು. ಒಂದು ಚುಕ್ಕಿಯೂ ಕಾಣಲಿಲ್ಲ. ಎಲ್ಲ ತೂತುಗಳ ಬಾಯಿಯೂ ಸೋಲ್ಡರಿನಿಂದ ಮುಚ್ಚಿತ್ತು.

"ಅಕ್ಕಾರ, ಈ ತೂತು ಯಾರು ಮುಚ್ಚಿದ್ರಿ?"

"ನಾನ ರೀ ಸರ್."

"ಯಾಕ್ರಿ?"

"ತೆರದು ಬಿಟ್ಟಿದ್ರು. ನಮ್ಮ ಮನ್ಯಾಗ ಒಂದು ತೂತು ಬಿಟ್ರ ಇಲಿ ಬರತಾವ. ನೀವು ಗಂಡಸರು, ತೂತು ಹೊಡೀತೀರಿ, ಹೋಗತೀರಿ. ಮುಚ್ಚೋರು ನಾವು."

ತೂತು ಮುಚ್ಚಿದರೆ ಗ್ರೌಂಡ್ ವಯಾಕ್ಕೆ ಏನೂ ಆಗುವುದಿಲ್ಲ. ಒಳಗಿನ ತಾಮ್ರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಹಾಗೆಂದು ಅಕ್ಕನಿಗೆ ಸಮಾಧಾನ ಹೇಳಿದೆ. ಅವರಿಗೆ ಬೇಕಾಗಿದ್ದು ಸಮಾಧಾನವಲ್ಲ, ಶಾಭಾಸ್‌ಗಿರಿ.

"ನಿಮ್ಮ ನಕ್ಷಿ ನೋಡಿ, ಇಷ್ಟು ಮುಚ್ಚೂದ್ರಾಗ ಬೆನ್ನು ಹೋಗತೈತಿ ಅನ್ಕೊಂಡಿದ್ನಿರಿ. ಆದ್ರ ನೀವು ಶಾಣ್ಯಾ ಆಗೀರಿ, ಅರ್ಧಾ ತೂತು ಕಡಿಮಿ ಮಾಡೀರಿ."

ನಾನು ಒಂದನ್ನೂ ಕಡಿಮೆ ಮಾಡಿರಲಿಲ್ಲ. ನಕ್ಷೆ ತಂದು ಇಬ್ಬರೂ ಎಣಿಸಿದೆವು. ಗ್ರೌಂಡ್ ತೂತುಗಳ ಪ್ರತಿ ಸಾಲಿನಲ್ಲೂ ಒಂದು ಇತ್ತು, ಒಂದು ಇರಲಿಲ್ಲ, ಒಂದು ಇತ್ತು, ಒಂದು ಇರಲಿಲ್ಲ. ಅಕ್ಕ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟು ದನಿ ತಗ್ಗಿಸಿದರು: "ಇದು ಇಲಿ ಕೆಲಸ ಅಲ್ರಿ ಸರ್. ಇಲಿ ಇಷ್ಟು ಲೈನ್ ಹಿಡದು ತಿನ್ನಂಗಿಲ್ಲ."

ಕಾಯಿ ತೆಗೆಯುವುದು

ಬೋರ್ಡು ಮಾಡುವ ಕಂಪನಿಗೆ ಫೋನು ಮಾಡಿದೆ. ಆ ಕಡೆಯ ಮನುಷ್ಯ ತಣ್ಣಗೆ ಹೇಳಿದ: "ತೂತು ಭಾಳ ಇದ್ವು, ಎಲ್ಲಾ ಬೇಕೇನು ಅಂತ ಕೇಳಾಕ ಫೋನ್ ಮಾಡಿದ್ವಿ. ನಿಮ್ಮ ಮಾಲಕರ ಎತ್ತಿದ್ರು. 'ಏಕ್ ಸೋಡೂನ್ ಏಕ್' ಅಂದ್ರು. ಮರಾಠಿಯೊಳಗ ಅಷ್ಟು ಸ್ಪಷ್ಟ ಯಾರೂ ಹೇಳಿರಲಿಲ್ಲ."

ಒಂದು ಬಿಟ್ಟು ಒಂದು. ವಾಪಸ್ಸು ಬರುವ ಕರೆಂಟಿನ ಅರ್ಧ ದಾರಿ ಹೋಗಿತ್ತು, ಅದಕ್ಕೇ ಪಟ್ಟೆ ಬಂದಿತ್ತು. ಸಾವ್ಕಾರ್ರ ಮುಂದೆ ಹೋಗಿ ನಿಂತೆ. ಅವರು ನಿರಾಕರಿಸಲಿಲ್ಲ, ನಾಚಲೂ ಇಲ್ಲ.

"ಹೌದ್ರಿ, ನಾನ ತಗಸೀನಿ. ಮೂವತ್ತು ವರ್ಷ ದ್ರಾಕ್ಷಿ ಮಾಡೀನಿ. ಗೊನಿಯೊಳಗ ಕಾಯಿ ದಟ್ಟ ಆದ್ರ ಏನ್ ಮಾಡತೀವಿ? ಕತ್ರಿ ತಗೊಂಡು ಒಂದು ಬಿಟ್ಟು ಒಂದು ಕತ್ತರಿಸತೀವಿ. ಉಳದದ್ದು ದಪ್ಪ ಆಗತೈತಿ."

"ಸಾವ್ಕಾರ್ರ, ತೂತು ಬೆಳಿಯಂಗಿಲ್ರಿ."

"ಅದು ನನಗ ಹ್ಯಾಂಗ ಗೊತ್ತಾಗಬೇಕು? ನೀವ ಹೇಳಬೇಕಿತ್ತು."

ತೂತು ಬೆಳೆಯುವುದಿಲ್ಲ ಎಂದು ಮೊದಲೇ ತಿಳಿಸದಿದ್ದುದು ನನ್ನ ತಪ್ಪೇ. ಹೊಸ ಬೋರ್ಡಿಗೆ ಹೇಳಿದೆವು. ಈ ಸಲ ಎಲ್ಲ ತೂತೂ ಇರಲಿ ಎಂದು ಸಾವ್ಕಾರ್ರೇ ಫೋನಿನಲ್ಲಿ ಮರಾಠಿಯಲ್ಲಿ ಹೇಳಿದರು. ಫೋನು ಇಟ್ಟು ನನ್ನ ಕಡೆ ತಿರುಗಿ, "ಆದ್ರೂ ಒಂದು ಮಾತು. ಗಾಳಿ ಆಡಂಗಿಲ್ಲ. ರೋಗ ಬಿದ್ರ ನನ್ನ ಕೇಳಬ್ಯಾಡ್ರಿ" ಎಂದರು.

ಒಂದನೇ ನಂಬರ್ ಮಾಲು

ಹೊಸ ಬೋರ್ಡು ವ್ಯಾಪಾರಿ ಬರುವ ದಿನವೇ ಬೆಳಿಗ್ಗೆ ಕೈಸೇರಿತು. ಅಕ್ಕ ಊಟ ಬಿಟ್ಟು ಬೆಸೆದರು. ಪರೀಕ್ಷಿಸಲು ಸಮಯವಿರಲಿಲ್ಲ, ವ್ಯಾಪಾರಿಯ ಗಾಡಿ ಬಾಗಿಲಲ್ಲಿ ನಿಂತಿತ್ತು.

ಅವರು ಇಡೀ ಅಥಣಿ ತಾಲೂಕಿನಲ್ಲಿ ಯಾರನ್ನೂ ನಂಬದವರೆಂದು ಹೆಸರಾದವರು. ನಾವು ದ್ರಾಕ್ಷಿ ತಂದಿಟ್ಟಿದ್ದೆವು, ಅದನ್ನು ಮುಟ್ಟಲಿಲ್ಲ. ತಮ್ಮದೇ ಚೀಲ ತಂದಿದ್ದರು. ಬೆಲ್ಟಿನ ಕೆಳಗೆ ಬಗ್ಗಿ ನೋಡಿದರು. ಯಂತ್ರದ ಹಿಂದೆ ಹೋಗಿ ಅಲ್ಲಿ ಮನುಷ್ಯರು ಯಾರೂ ಕುಳಿತಿಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಚೀಲ ಬಿಚ್ಚಿದರು.

ಗುಂಡಿ ಒತ್ತಿದೆ. ಚಿತ್ರ ಬಂತು. ಒಂದು ಪಟ್ಟೆಯೂ ಇಲ್ಲ. ಪ್ರತಿ ಕಾಳೂ ಮುಷ್ಟಿಯಷ್ಟು ದೊಡ್ಡದಾಗಿ, ಸುಕ್ಕು ಸುಕ್ಕೂ ಎಣಿಸುವಂತೆ ಮೂಡಿತು. ನನ್ನ ಕಣ್ಣು ತುಂಬಿ ಬಂತು. ವ್ಯಾಪಾರಿಯ ಮುಖ ಮಾತ್ರ ಇಳಿಯಿತು.

"ಆ ಸುಕ್ಕಿನಾಗ ಬೆಳ್ಳಗ ಏನದು?"

"ಉಸುಕು ರೀ."

"ಇದು ಯಾರ ಮಾಲು?"

"ನಿಮ್ದ ರೀ. ನಿಮ್ಮ ಚೀಲದ್ದ."

"ನಂದು ಒಂದನೇ ನಂಬರ್ ಮಾಲು!"

ಯಂತ್ರ ಆ ಒಂದನೇ ನಂಬರ್ ಮಾಲಿನ ಅರ್ಧವನ್ನು ಪುಸ್ ಪುಸ್ ಎಂದು ಕೆಟ್ಟ ಡಬ್ಬಿಗೆ ಹಾರಿಸುತ್ತಿತ್ತು. ಸಾವ್ಕಾರ್ರು ನನ್ನನ್ನು ನೋಡಿದರು. ಚಿತ್ರ ಛಲೋ ಬಂದರೆ ಕೆಲಸ ಉಳಿಯುತ್ತದೆ ಎಂದಿದ್ದರು. ಇಷ್ಟು ಛಲೋ ಬಂದರೆ ಏನಾಗುತ್ತದೆ ಎಂದು ಹೇಳಿರಲಿಲ್ಲ.

ವ್ಯಾಪಾರಿ ಗಾಡಿಗೆ ಹೋಗಿ ಇನ್ನೊಂದು ಚೀಲ ತಂದರು. ಅದು ಅದೇ ದಿನ ಹಾರೂಗೇರಿಯ ಕಡೆಯ ರೈತನಿಂದ ಕೊಳ್ಳಲು ತಂದ ಮಾಲು. ಇನ್ನೂ ದರ ಮಾತಾಡಿರಲಿಲ್ಲ. ಅದನ್ನು ಸುರಿದೆವು. ಯಂತ್ರ ಅದರಲ್ಲೂ ಕಾಲು ಭಾಗ ಹಾರಿಸಿತು.

"ನೋಡ್ರಿ! ನೋಡ್ರಿ!" ವ್ಯಾಪಾರಿ ಚಪ್ಪಾಳೆ ತಟ್ಟಿದರು. "ಕಡ್ಡಿ, ಉಸುಕು, ಕರಿ ಕಾಳು! ಎಲ್ಲಾ ಕಾಣತೈತಿ! ಎಂಥಾ ಯಂತ್ರ ಮಾಡೀರಿ ಸಾವ್ಕಾರ್ರ! ಇದು ನನಗ ಬೇಕ ಬೇಕು."

ವ್ಯಾಪಾರಿ ಸಾವ್ಕಾರ್ರ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದೊಯ್ದರು. ಪತ್ರಾಸಿನ ಶೆಡ್ಡು, ಪಿಸುಮಾತೂ ಮೂಲೆ ಮೂಲೆಗೆ ಕೇಳುತ್ತದೆ.

"ಇದು ನಾ ಮಾಲು ಕೊಳ್ಳಾಕ ಆತು. ಮಾರಾಕ ಇನ್ನೊಂದು ಯಂತ್ರ ಮಾಡಿ ಕೊಡ್ರಿ. ಬರೋ ಗಿರಾಕಿ ಎದುರು ಅದನ್ನ ಓಡಿಸತೀನಿ. ಆದ್ರ ಅದು ಇಷ್ಟು ಶಾಣ್ಯಾ ಇರಬಾರದು."

"ಎಷ್ಟು ಶಾಣ್ಯಾ ಇರಬೇಕ್ರಿ?" ಎಂದರು ಸಾವ್ಕಾರ್ರು.

ವ್ಯಾಪಾರಿ ಶೆಡ್ಡಿನ ಸುತ್ತ ಕಣ್ಣಾಡಿಸಿದರು. ಕಣ್ಣು ನನ್ನ ಮೇಲೆ ಬಂದು ನಿಂತಿತು. ಕಾಲಿನಿಂದ ತಲೆಯವರೆಗೆ ಒಮ್ಮೆ ಅಳೆದರು.

"ಇವರಷ್ಟು ಇದ್ರ ಸಾಕು."

ಸಾವ್ಕಾರ್ರು ನಿಂತಲ್ಲೇ ನನ್ನ ಕೆಲಸ ಕಾಯಂ ಮಾಡಿದರು.