ತಾಳ ಹಾಕಿದ ಬೂಟು

ಬೂಟನ್ನು ಬಾಗಿಲಲ್ಲೇ ಬಿಚ್ಚಿಟ್ಟು ಒಳಗೆ ಬರುವುದು ಕೆಬೆಕ್‌ನ ನಮ್ಮ ಹಳ್ಳಿಯಲ್ಲಿ ತಾಯಂದಿರು ಕಲಿಸುವ ಮೊದಲ ಸಂಸ್ಕಾರ. ಫೆರ್ನಾಂ ಕೆಟ್ಟದ್ದು ಆ ಸಂಸ್ಕಾರದಿಂದಲೇ.

ಮಾಂಟ್ರಿಯಲ್‌ನ ಹೆಸರಾಂತ ಪಾಪ್ ಗಾಯಕಿ ಮಿರೇ ಹೊಸ ಆಲ್ಬಂ ಮುಗಿಸಲು ಊರಿನ ಹಳೆಯ ಪಾದ್ರಿಮನೆಯಲ್ಲಿ ಬೀಡುಬಿಟ್ಟಿದ್ದಳು. ಈ ಸಲ ಕುಣಿತದ ಥಳುಕಿಲ್ಲ. ಲಾರಿ ಓಡಿಸುತ್ತಿದ್ದ ಅಪ್ಪ ದಾರಿಯುದ್ದಕ್ಕೂ ಹಾಕುತ್ತಿದ್ದಂಥ ಕಂಟ್ರಿ ಧಾಟಿಯ ಹಾಡುಗಳು, ಎಲ್ಲ ನಮ್ಮ ಫ್ರೆಂಚಿನಲ್ಲೇ. ಅಪ್ಪನ ಋಣ ನೆನೆಯುವ ಕೊನೆಯ ಹಾಡಿಗೆ, ಕುರ್ಚಿಯಲ್ಲಿ ಕೂತು ಎರಡೂ ಕಾಲಿಂದ ನೆಲ ಕುಟ್ಟುವ ನಮ್ಮ ಕಡೆಯ ತಾಳ ಬೇಕಿತ್ತು. ಮದುವೆ, ಕ್ರಿಸ್‌ಮಸ್ ಎಂದು ಊರ ಅಡುಗೆಮನೆಗಳ ನೆಲವನ್ನೆಲ್ಲ ಬಡಿದು ಹಣ್ಣಾಗಿಸಿದ್ದ ಫೆರ್ನಾಂಗೆ ಕಡೆಗೂ ರೆಕಾರ್ಡಿಗೆ ಕಾಲಿಡುವ ಕಾಲ ಬಂದಿತ್ತು.

ಕಾಲ ಬಂತು, ಕಾಲೂ ಬಂತು, ಬೂಟು ಹೋಯಿತು. ಗಾಯಕಿಗೆ ಕಡುಬು ಕೊಡುವ ನೆಪದಲ್ಲಿ ಇಣುಕಿ ಹೋದ ನೆರೆಯವರಲ್ಲಿ ಯಾರೋ ಅವನ ಗಟ್ಟಿ ಹಿಮ್ಮಡಿಯ ಬೂಟು ಮೆಟ್ಟಿ, ತಮ್ಮ ಮೆತ್ತನೆಯ ರಬ್ಬರ್ ಜೋಡು ಬಿಟ್ಟುಹೋಗಿದ್ದರು. ವಿಧಿಯಿಲ್ಲದೆ ಅದನ್ನೇ ಹಾಕಿಕೊಂಡು ಕುಟ್ಟತೊಡಗಿದ.

ರೆಕಾರ್ಡಿಂಗಿನವನು ಕಿವಿಯ ಹೆಡ್‌ಫೋನ್ ಸರಿಸಿ, "ಶುರು ಮಾಡಿ ಸಾರ್," ಎಂದ.

"ಆಗ್ಲಿಂದ ಮಾಡ್ತಾನೇ ಇದ್ದೀನಲ್ಲ ಸ್ವಾಮಿ!"

ಹಿಮದ ಮೇಲೆ ಹಿಮ ಬಿದ್ದಷ್ಟೂ ಸದ್ದಿರಲಿಲ್ಲ. ಸಂಜೆಗೆ ರೆಕಾರ್ಡಿಂಗಿನವನು ಮೈಕುಗಳ ಗಂಟು ಕಟ್ಟಿ ಹೊರಡಬೇಕು. ಅಷ್ಟರೊಳಗೆ ಬೂಟು ಸಿಗದಿದ್ದರೆ ತಾಳವಿಲ್ಲದೆಯೇ ಹಾಡು. ಫೆರ್ನಾಂ ಓಡಿದ.

ಕಡುಬು ತಂದಿದ್ದ ರೋಜೇರ್ ಬಾಗಿಲು ತೆರೆದು ನಕ್ಕ. "ನಿನ್ನ ಬೂಟಾ? ನನ್ನ ಕಾಲು ನೋಡೋ, ದೋಣಿ! ನಿಂದ್ರಲ್ಲಿ ಹೆಬ್ಬೆರಳೂ ತೂರಲ್ಲ. ಕೂತ್ಕೋ, ಬಟಾಣಿ ಸೂಪು ಕುಡಿ."

"ಅವಸರ, ಅಣ್ಣಾ..."

"ಅವಸರದವನೇ ಮೊದ್ಲು ಹೊಟ್ಟೆ ತುಂಬಿಸ್ಕೋಬೇಕು."

ಕುಡಿದ. ಜೊತೆಗೆ ದನದ ಕೊಟ್ಟಿಗೆಯ ಬೂಟೂ ಸಾಲ ಸಿಕ್ಕಿತು, ಕೊಟ್ಟಿಗೆಯ ವಾಸನೆ ಸಮೇತ. ಥ್ಯಾಂಕ್ಸ್ ಹೇಳಿದ. ಮುಂದಿನ ಮನೆಯ ವಿಧವೆ ಆಲ್ಫೊನ್ಸೀನ್, ತೀರಿಹೋದ ಗಂಡನ ಮದುವೆ ಬೂಟು ತಂದು ಕಣ್ಣೀರಿಡುತ್ತಾ ಅವನ ಕಾಲಿಗೆ ತುರುಕಿದಳು. ಈಗ ಕಣ್ಣೀರು ಅವನದು. ಅದಕ್ಕೂ ಥ್ಯಾಂಕ್ಸ್ ಹೇಳಿ, ಬಿಚ್ಚಿ, ಎರಡು ಜೋಡಿಯನ್ನೂ ಕಂಕುಳಲ್ಲಿ ಇರುಕಿಕೊಂಡು, ಕಡುಬು ತಂದವರಲ್ಲಿ ಉಳಿದಿದ್ದ ಜರ್ಮೇನತ್ತೆಯ ಮನೆಗೆ ಹೊರಟ.

ಅಲ್ಲಿ ಬೀಗ. ಎದುರುಮನೆ ಕಿಟಕಿಯಿಂದ ಧ್ವನಿ ಬಂತು: "ಅತ್ತೆ ಆಗ್ಲೇ ಪಾದ್ರಿಮನೆ ಕಡೆ ಹೋದ್ರು. ಟಕಾ ಟಕಾ ಟಕಾ! ಈ ವಯಸ್ಸಲ್ಲಿ ಏನ್ ನಡಿಗೆ ಅಂತೀಯ!"

ಫೆರ್ನಾಂ ಏದುಸಿರು ಬಿಡುತ್ತಾ ವಾಪಸ್ ಬಂದರೆ, ಮೈಕುಗಳ ನಡುವಿನ ಕುರ್ಚಿಯಲ್ಲಿ ಅತ್ತೆ ರಾಣಿಯ ಹಾಗೆ ಕೂತಿದ್ದಳು. ಕಾಲಲ್ಲಿ ಅವನ ಬೂಟು.

"ಕಣ್ಣು ಮಂಜು ಮಗಾ, ಕಾಲು ಮಾತ್ರ ನಿನ್ನಳತೆ! ವಾಪಸ್ ಕೊಡೋಣ ಅಂತ ಬಂದೆ. ಹೊಸ್ತಿಲಲ್ಲಿ ಕಾಲು ಬಡಿದು ಹಿಮ ಕೊಡವ್ತಿದ್ದೆ ನೋಡು, ಈ ಹುಡುಗಿ ಓಡಿಬಂದು 'ನಿಲ್ಲಿಸ್ಬೇಡಿ, ಕುಟ್ತಾ ಇರಿ' ಅಂದ್ಲು. ಕುಟ್ಟಿದೆ."

"ನಮ್ಮಪ್ಪನ ಲಾರಿ ಎಂಜಿನ್ನೇ ಕೇಳಿಸ್ದಂಗಾಯ್ತು," ಎಂದು ಮಿರೇ ಕಣ್ಣೊರೆಸಿಕೊಂಡಳು. ಹಾಡು ಮುಗಿದಿತ್ತು. ರೆಕಾರ್ಡಿಂಗಿನವನು ವೈರು ಸುತ್ತುತ್ತಿದ್ದ.

ಫೆರ್ನಾಂ ಕಂಕುಳಲ್ಲಿದ್ದ ಎರಡು ಜೋಡಿಯನ್ನೂ ಕೆಳಗಿಟ್ಟ. ಮಿರೇ ಅವನ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಉಪಕಾರ ಜನ್ಮದಲ್ಲಿ ಮರೆಯಲ್ಲ. ನೀವು ಬೂಟು ಬಿಚ್ಚಿಡದೆ ಇದ್ದಿದ್ರೆ ಈ ಹಾಡೇ ಇರ್ತಿರ್ಲಿಲ್ಲ. ಇನ್ನೊಂದು ಸಹಾಯ ಮಾಡ್ತೀರಾ?"

ಸತ್ತ ಆಸೆ ದಡಕ್ಕನೆ ಎದ್ದು ಕೂತಿತು. "ಖಂಡಿತ ಮಾಡ್ತೀನಿ! ಥ್ಯಾಂಕ್ಸ್! ತುಂಬಾ ಥ್ಯಾಂಕ್ಸ್!"

"ಬೇಸಿಗೆಯ ಕಾರ್ಯಕ್ರಮಗಳಿಗೆ ಅತ್ತೇನ ಕರ್ಕೊಂಡು ಹೋಗ್ತಿದ್ದೀನಿ. ಆ ಬೂಟು ಅವರಿಗೇ ಬಿಟ್ಟುಕೊಡಿ."

ಜರ್ಮೇನತ್ತೆ ಎದ್ದು ಬಂದು ಅವನ ಕೆನ್ನೆ ತಟ್ಟಿದಳು. "ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ಮಗಾ. ನನ್ನ ರಬ್ಬರ್ ಜೋಡು ಹಾಕ್ಕೊಂಡೇ ಮನೆಗೆ ಹೋಗು. ಮೆಲ್ಲಗೆ ನಡಿ ಮಾತ್ರ, ಅದರ ಸೋಲು ಸವೀತದೆ."