ರೊಟ್ಟಿಗೊಂದು, ಬಾತಿಗೊಂದು ಮತ

ಯೋಗೀಶ ತನ್ನ ತಟ್ಟೆಗೆ ಬಿಸಿಬೇಳೆಬಾತನ್ನೂ ಹಾಕಿಸಿಕೊಂಡು ಜೋಳದ ರೊಟ್ಟಿಯನ್ನೂ ಹಾಕಿಸಿಕೊಂಡಿದ್ದೇ ತಪ್ಪಾಯಿತು. ಬೇರೆ ಯಾವ ಭಾನುವಾರವಾಗಿದ್ದರೂ ಜನ ಅದನ್ನು ಹಸಿವು ಎನ್ನುತ್ತಿದ್ದರು. ಆ ಭಾನುವಾರ ಅದನ್ನು ರಾಜಕೀಯ ಎಂದರು.

ವಿಷಯ ಇಷ್ಟು. ಆಸ್ಟ್ರೇಲಿಯಾದ ಕನ್ನಡ ಕೂಟಗಳೆಲ್ಲ ಸೇರಿ ಒಂದು ಒಕ್ಕೂಟ ಕಟ್ಟಿಕೊಂಡಿದ್ದವು. ಅದರ ಅಧ್ಯಕ್ಷ ಸ್ಥಾನಕ್ಕೆ ಪ್ರತಿ ರಾಜ್ಯವೂ ಒಬ್ಬ ಅಭ್ಯರ್ಥಿಯನ್ನು ಕಳಿಸಬೇಕು; ಯಾರನ್ನು ಕಳಿಸಬೇಕೆಂದು ಆ ರಾಜ್ಯದ ಸದಸ್ಯರು ಮೊದಲೇ ಮತ ಹಾಕಿ ತೀರ್ಮಾನಿಸಬೇಕು. ಅಮೆರಿಕದಲ್ಲಿ ಇದಕ್ಕೆ ಪ್ರೈಮರಿ ಎನ್ನುತ್ತಾರೆಂದು ಯಾರೋ ಹೇಳಿದ್ದೇ ತಡ, ಸಿಡ್ನಿಯ ಕನ್ನಡಿಗರು ಮೂರು ತಿಂಗಳು ನಿದ್ದೆಗೆಟ್ಟರು.

ಕಣದಲ್ಲಿದ್ದವರು ಇಬ್ಬರು. ಸಿಡ್ನಿಯ ಎಪ್ಪಿಂಗ್ ಬಡಾವಣೆಯ ಚಕ್ರಪಾಣಿ, ಮೈಸೂರು ಕಡೆಯವರು. ರೌಸ್ ಹಿಲ್ ಬಡಾವಣೆಯ ವಿರುಪಾಕ್ಷ, ಹುಬ್ಬಳ್ಳಿಯವರು. ಇಬ್ಬರ ಪ್ರಣಾಳಿಕೆಯೂ ಒಂದೇ ಆಗಿತ್ತು, ಕನ್ನಡದ ಏಳಿಗೆ. ಹಾಗಾಗಿ ಜನ ಪ್ರಣಾಳಿಕೆಯನ್ನು ಪಕ್ಕಕ್ಕಿಟ್ಟು ಊರು ನೋಡಿ ಮತ ಹಾಕಲು ನಿಶ್ಚಯಿಸಿದರು. ಈ ದೇಶದಲ್ಲಿ ಮತಗಟ್ಟೆಯ ಮುಂದೆ ಸಾಸೇಜ್ ಸುಟ್ಟು ಮಾರುವುದು ವಾಡಿಕೆ. ನಮ್ಮವರು ಮತಗಟ್ಟೆಯಾಗಿದ್ದ ಎಪ್ಪಿಂಗಿನ ಶಾಲೆಯ ಸಭಾಂಗಣದಲ್ಲಿ ಎರಡು ಊಟದ ಕೌಂಟರ್ ಇಟ್ಟರು. ಒಂದರಲ್ಲಿ ಚಕ್ರಪಾಣಿಯವರ ಕಡೆಯ ಬಿಸಿಬೇಳೆಬಾತ್, ಇನ್ನೊಂದರಲ್ಲಿ ವಿರುಪಾಕ್ಷರ ಕಡೆಯ ರೊಟ್ಟಿ ಎಣ್ಣೆಗಾಯಿ.

ಚಕ್ರಪಾಣಿಯವರ ಏಜೆಂಟ್ ಸುಬ್ಬಣ್ಣ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಸಭಾಂಗಣದ ಮೂಲೆಯಲ್ಲಿ ಕೂತಿದ್ದ. ಯಾರ ತಟ್ಟೆಯಲ್ಲಿ ಏನಿದೆ ಎಂದು ನೋಡುವುದು, ಎಕ್ಸೆಲ್ಲಿನಲ್ಲಿ ಒಂದು ಟಿಕ್ ಹಾಕುವುದು, ಇದೇ ಅವನ ಮತಗಟ್ಟೆ ಸಮೀಕ್ಷೆ. ಹನ್ನೊಂದೂವರೆಯ ಹೊತ್ತಿಗೆ ಅವನ ಲೆಕ್ಕ ಹೀಗಿತ್ತು: ಬಾತು ನೂರ ಹದಿನೆಂಟು, ರೊಟ್ಟಿ ನೂರ ಹದಿನೆಂಟು. ಬಂದವರಲ್ಲಿ ಮತ ಹಾಕದೆ ಉಳಿದವನು ಯೋಗೀಶ ಒಬ್ಬನೇ. ಊರು ದಾವಣಗೆರೆ, ಅಂದರೆ ನಾಡಿನ ನಟ್ಟನಡುವೆ. ಮನೆ ರೌಸ್ ಹಿಲ್. ತಟ್ಟೆಯಲ್ಲಿ ಎರಡೂ.

ನಿಜ ಹೇಳಬೇಕೆಂದರೆ ಯೋಗೀಶನಿಗೆ ಆ ರೊಟ್ಟಿ ಕಂಡು ಮನೆಯೂಟ ನೆನಪಾಗಿತ್ತು. ಅವನ ಹೆಂಡತಿ ಅಹಲ್ಯಾ ಗದಗಿನವಳು. ಮೆಲ್ಬರ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿ, ಒಂಬತ್ತು ವರ್ಷದ ಮಗಳು ಆದ್ಯಾಳನ್ನು ಕರೆದುಕೊಂಡು ಅಲ್ಲಿನ ಪಾಯಿಂಟ್ ಕುಕ್ ಬಡಾವಣೆಗೆ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಯೋಗೀಶನ ಆಫೀಸು ಸಿಡ್ನಿ ಬಿಟ್ಟು ಕದಲಲು ಅವನನ್ನು ಬಿಡುತ್ತಿರಲಿಲ್ಲ. ಸಂಜೆ ಇಬ್ಬರೂ ಫೋನನ್ನು ಸಾಸಿವೆ ಡಬ್ಬಿಗೆ ಒರಗಿಸಿಟ್ಟುಕೊಂಡು ಅವರವರ ಅಡಿಗೆಮನೆಯಲ್ಲಿ ಅಡಿಗೆ ಮಾಡುತ್ತಿದ್ದರು. ಫೋನಿನಲ್ಲಿ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು, ರೊಟ್ಟಿ ಬರುತ್ತಿರಲಿಲ್ಲ. ಅವರನ್ನು ನೋಡಿ ಆರು ವಾರವಾಗಿತ್ತು. ಈ ವಾರ ಹೋಗಬೇಕಿತ್ತು, ಮತದಾನ ಮುಗಿಯುವ ತನಕ ಯಾರೂ ಊರು ಬಿಡಬಾರದೆಂದು ಸುಬ್ಬಣ್ಣ ಎಲ್ಲರಿಗೂ ಕಟ್ಟಪ್ಪಣೆ ಮಾಡಿದ್ದ. "ಈ ಸಲ ಬರಕ್ಕಾಗಲ್ಲ, ಎಲೆಕ್ಷನ್" ಎಂದು ಗುರುವಾರ ಹೇಳಿದಾಗ ಅಹಲ್ಯಾ "ಆತು ಬಿಡ್ರಿ" ಎಂದಿದ್ದಳು. ಏನೂ ಆಗಿಲ್ಲದಿದ್ದಾಗ ಅಹಲ್ಯಾ ಹಾಗೆ ಹೇಳುವವಳಲ್ಲ.

ಮೊದಲು ಅವನ ಪಕ್ಕಕ್ಕೆ ಬಂದವರು ಜಲಜಾ ಆಂಟಿ, ವಿರುಪಾಕ್ಷರ ಏಜೆಂಟ್. ಧಾರವಾಡದವರು, ಅರವತ್ತು ದಾಟಿದರೂ ಸದಸ್ಯರ ಪಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಓಡಾಡುವ ಗಟ್ಟಿಗಿತ್ತಿ.

"ಏನಪಾ ಯೋಗೀಶ, ರೊಟ್ಟಿ ತಿಂದು ಕಣ್ಣಾಗ ನೀರು ತಂದ್ಕೊಂಡಿ ಅಂದ್ರ ನೀ ನಮ್ಮಾವನ ಬಿಡು."

"ಖಾರ ಆಯ್ತು ಆಂಟಿ."

"ಸುಳ್ಳು ಹೇಳಬ್ಯಾಡ. ಎಣ್ಣೆಗಾಯಿ ನಾನ ಮಾಡೀನಿ, ಖಾರ ಕಡಿಮಿನ ಐತಿ." ಆಂಟಿ ಪಟ್ಟಿ ತಿರುವಿದರು. "ಅಲ್ಲೋ, ನಿನ್ನ ಹೆಂಡ್ತಿ ಹೆಸರು ಇನ್ನೂ ಇಲ್ಲೇ ಐತೆಲ್ಲಾ! ರೌಸ್ ಹಿಲ್ ಅಂತನ ಬರದೈತಿ."

ಯೋಗೀಶ ನಾಚಿಕೊಂಡ. ಜನವರಿಯಲ್ಲಿ ಕೂಟದ ಕುಟುಂಬ ಸದಸ್ಯತ್ವ ನವೀಕರಿಸುವಾಗ ತನ್ನ ಹೆಸರಿನ ಪಕ್ಕದ ಜಾಗವನ್ನು ಖಾಲಿ ಬಿಡಲು ಅವನಿಗೆ ಕೈ ಬಂದಿರಲಿಲ್ಲ. ಖಾಲಿ ಬಿಟ್ಟರೆ ಅವಳು ನಿಜವಾಗಿಯೂ ಹೋದಂತೆ ಅನಿಸಿತ್ತು. "ಇರ್ಲಿ ಅಂತ ಬರೆದೆ ಆಂಟಿ. ಇವತ್ತಲ್ಲ ನಾಳೆ ಬರ್ತಾಳಲ್ಲ" ಎಂದ.

"ಬರ್ತಾಳ ಬರ್ತಾಳ" ಎಂದ ಆಂಟಿ ಅವನ ಬೆನ್ನು ಸವರಿ, ಫೋನ್ ಹಿಡಿದುಕೊಂಡು ಹೊರಗೆ ಹೋದರು.

ಅವರು ಎದ್ದ ಕುರ್ಚಿಗೆ ಸುಬ್ಬಣ್ಣ ಬಂದು ಕೂತ.

"ಏನ್ರೀ ಯೋಗೀಶ್, ಆಂಟಿ ಏನಂದ್ರು? ಕಣ್ಣೆಲ್ಲಾ ಕೆಂಪಾಗಿದೆ, ಹೆದರಿಸಿದ್ರಾ?"

"ಇಲ್ಲ ಸುಬ್ಬಣ್ಣ. ಹೆಂಡ್ತಿ ನೆನಪಾದ್ಲು. ಅವ್ಳು ಮೆಲ್ಬರ್ನಲ್ಲಿ, ನಾನಿಲ್ಲಿ. ವರ್ಷದ ಮೇಲಾಯ್ತು."

ಸುಬ್ಬಣ್ಣ ಲ್ಯಾಪ್‌ಟಾಪ್ ಮುಚ್ಚಿದ. ಮೂರು ತಿಂಗಳಲ್ಲಿ ಅವನು ಲ್ಯಾಪ್‌ಟಾಪ್ ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲ. "ಒಂದ್ ಕೆಲಸ ಮಾಡೋಣ. ನನ್ ಹತ್ರ ಏರ್‌ಲೈನ್ ಪಾಯಿಂಟ್ಸ್ ಕೊಳೀತಾ ಬಿದ್ದಿದೆ, ಪುಕ್ಕಟೆ ಟಿಕೆಟ್ ಸಿಗುತ್ತೆ. ಮೂರು ಗಂಟೆ ಫ್ಲೈಟ್‌ಗೆ ಬುಕ್ ಮಾಡ್ತೀನಿ, ನಾಳೆ ಬೆಳಗ್ಗೆ ಆರಕ್ಕೆ ವಾಪಸ್ಸು. ಏರ್‌ಪೋರ್ಟ್‌ಗೆ ನಾನೇ ಬಿಡ್ತೀನಿ. ಹೋಗೋಕ್ ಮುಂಚೆ ಆ ಡಬ್ಬದೊಳಗೆ ಒಂದು ಚೀಟಿ, ಚಕ್ರಪಾಣಿಯವರಿಗೆ. ಅಷ್ಟೇ ಕಣ್ರೀ."

ಯೋಗೀಶನಿಗೆ ಚಕ್ರಪಾಣಿಯೂ ಒಂದೇ, ವಿರುಪಾಕ್ಷರೂ ಒಂದೇ. ಆದರೆ ಪಾಯಿಂಟ್ ಕುಕ್ ಬೇರೆಯೇ. ಐದು ನಿಮಿಷದಲ್ಲಿ ಮತ ಹಾಕಿ, ಲ್ಯಾಪ್‌ಟಾಪ್ ಬ್ಯಾಗೊಂದನ್ನೇ ಹೆಗಲಿಗೇರಿಸಿ ಸುಬ್ಬಣ್ಣನ ಕಾರು ಹತ್ತಿದ. ಅಹಲ್ಯಾಗೆ ಹೇಳಲಿಲ್ಲ. ಬಾಗಿಲು ತೆರೆದಾಗ ಅವಳ ಮುಖ ಹೇಗಾಗುತ್ತದೆಂದು ನೋಡುವ ಆಸೆ. ಆ ಮುಖವನ್ನು ದಾರಿಯುದ್ದಕ್ಕೂ ನೂರು ಸಲ ನೋಡಿದ.

ಕಾರು ಮೋಟರ್‌ವೇ ಸೇರುವಷ್ಟರಲ್ಲಿ ಸುಬ್ಬಣ್ಣ ಕನ್ನಡಿ ನೋಡಿ ಬೆಚ್ಚಿಬಿದ್ದ. "ಅಯ್ಯಯ್ಯೋ! ಹಿಂದೆ ಜಲಜಾ ಆಂಟಿ ಕಾರು! ಬಗ್ಗಿ ಕೂತ್ಕೊಳ್ರೀ!"

"ವೋಟ್ ಹಾಕಿ ಆಯ್ತಲ್ಲ, ಇನ್ನೇನ್ ಮಾಡ್ತಾರೆ?"

"ನಿಮಗ್ ಗೊತ್ತಿಲ್ಲ. ವೋಟರ್‌ನ ಸಾಗಿಸ್ತಿದ್ದಾರೆ ಅಂತ ಫೋಟೋ ತೆಗೆದು ಗ್ರೂಪಿಗೆ ಹಾಕ್ತಾರೆ. ಬಗ್ಗಿ ಅಂದ್ರೆ!"

ನಲವತ್ತೆರಡು ವರ್ಷದ ಯೋಗೀಶ ಮುಂದಿನ ಸೀಟಿನಲ್ಲಿ ಮಂಡಿಯೊಳಗೆ ತಲೆ ತೂರಿಸಿ ಕೂತ. ಸುಬ್ಬಣ್ಣ ಅವಸರದಲ್ಲಿ ಮೋಟರ್‌ವೇಯಿಂದ ಇಳಿಯಬಾರದ ಕಡೆ ಕಾರು ಇಳಿಸಿ, ಯಾವುದೋ ಬಡಾವಣೆಯಲ್ಲಿ ಮೂರು ಸುತ್ತು ಹಾಕಿ, ಮತ್ತೆ ದಾರಿಗೆ ಬಂದರೆ ಆಂಟಿಯ ಕಾರು ಆಗಲೇ ಮುಂದೆ, ಏರ್‌ಪೋರ್ಟಿನ ದಿಕ್ಕಿಗೇ ಹೋಗುತ್ತಿತ್ತು. "ನೋಡಿದ್ರಾ, ಮೊದಲೇ ಹೋಗಿ ಕಾಯೋ ಪ್ಲಾನು" ಎಂದ ಸುಬ್ಬಣ್ಣ. ಹೀಗಾಗಿ ಯೋಗೀಶ ಟರ್ಮಿನಲ್ಲಿನೊಳಗೆ ಟೋಪಿ ಕೆಳಗೆಳೆದುಕೊಂಡು, ಕಂಬದಿಂದ ಕಂಬಕ್ಕೆ ಮರೆಯಾಗುತ್ತ ಗೇಟು ಸೇರಬೇಕಾಯಿತು. ಸೆಕೆ ತಾಳದೆ ಅಲ್ಲಿ ಟೋಪಿ ತೆಗೆದ.

ಬಗ್ಗಿ ಕೂತ ಮಂಡಿಯ ನೋವಿನಲ್ಲೂ ಆಸೆ ತಡೆಯಲಾಗದೆ ಒಮ್ಮೆ ಅಹಲ್ಯಾಗೆ ಫೋನ್ ಮಾಡಿದ, ಸುಮ್ಮನೆ ದನಿ ಕೇಳೋಣವೆಂದು. ಸ್ವಿಚ್ ಆಫ್. ಕೋಪ ಇನ್ನೂ ಇಳಿದಿಲ್ಲ ಎಂದುಕೊಂಡ. ಅವನ ವಿಮಾನ ಮೆಲ್ಬರ್ನಿನಿಂದ ತಡವಾಗಿ ಬಂದು ಇಳಿಯಿತು. ಅದರ ಜನ ಗೇಟಿನಿಂದ ಹೊರಬರುತ್ತಿದ್ದಾಗ ಯೋಗೀಶ ಪಕ್ಕದ ಅಂಗಡಿಯಲ್ಲಿ ಬೆನ್ನು ಹಾಕಿ ನಿಂತು, ಆದ್ಯಾಗೆ ಯಾವ ಕೋಆಲಾ ಗೊಂಬೆ ಕೊಳ್ಳುವುದೆಂದು ಯೋಚಿಸುತ್ತಿದ್ದ. ಕೊನೆಗೆ ನಗುಮುಖದ್ದನ್ನೇ ಕೊಂಡು, ಅದೇ ವಿಮಾನ ಹತ್ತಿದ.

ಪಾಯಿಂಟ್ ಕುಕ್‌ನ ಮನೆ ಮುಟ್ಟಿದಾಗ ಆರು ಗಂಟೆ. ಸಮುದ್ರದ ಕಡೆಯಿಂದ ಗಾಳಿ ಕೊರೆಯುತ್ತಿತ್ತು. ಬೆಲ್ ಒತ್ತಿ, ಕೋಆಲಾವನ್ನು ಮುಖದ ಮುಂದೆ ಹಿಡಿದು ನಿಂತ. ಮತ್ತೆ ಒತ್ತಿದ. ಆಮೇಲೆ ಕೋಆಲಾ ಕೆಳಗಿಳಿಸಿ, ಕಿಟಕಿಯಲ್ಲಿ ಇಣುಕಿದ. ಒಲೆಯ ಪಕ್ಕ ಸಾಸಿವೆ ಡಬ್ಬಿ ಮಾತ್ರ ಇತ್ತು. ಈ ಮನೆಯ ಬೀಗದ ಕೈ ರೌಸ್ ಹಿಲ್ಲಿನ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಅಷ್ಟರಲ್ಲಿ ಫೋನ್ ಬಂತು. ಅಹಲ್ಯಾ!

"ರೀ, ಎಲ್ಲದೀರಿ?" ದನಿಯಲ್ಲಿ ನಗು ತುಳುಕುತ್ತಿತ್ತು.

"ಮನೆ ಮುಂದೇನೇ ಇದ್ದೀನಿ. ಬಾಗಿಲು ತೆಗಿ."

"ಮನಿ ಮುಂದ? ನಾ ಬಾಗಲಾ ತಕ್ಕೊಂಡ ನಿಂತೀನಲ್ರಿ, ನೀವೆಲ್ಲೂ ಕಾಣವಲ್ರಿ!"

ಯೋಗೀಶ ಬಾಗಿಲ ಮೇಲಿನ ನಂಬರು ನೋಡಿದ. ಆಮೇಲೆ ಅಹಲ್ಯಾ ಮೆಲ್ಲಗೆ ಕೇಳಿದಳು. "ಯಾವ ಮನಿ?"

ಎಲ್ಲ ಹೊರಬಿತ್ತು. ಜಲಜಾ ಆಂಟಿ ಫೋನ್ ಮಾಡಿದ್ದರು. 'ಒಂದು ವೋಟ್ ಕಡಿಮಿ ಬಿದ್ದೈತಿ, ನಾವ ಟಿಕೆಟ್ ಮಾಡ್ತೀವಿ, ನಿನ್ನ ಗಂಡ ರೊಟ್ಟಿ ನೋಡಿ ಅಳಾಕತ್ತಾನ, ಹೇಳದ ಬಂದುಬಿಡು' ಎಂದಿದ್ದರು. ಅಹಲ್ಯಾ ತಾಟಿನ ಮುಂದಿನಿಂದ ಎದ್ದು ಮಗಳೊಂದಿಗೆ ವಿಮಾನ ಹತ್ತಿದ್ದಳು. ಆಂಟಿಯೇ ಏರ್‌ಪೋರ್ಟಿಗೆ ಬಂದು ಕರೆದುಕೊಂಡು ಹೋಗಿದ್ದರು. ಎಪ್ಪಿಂಗಿನಲ್ಲಿ ವಿರುಪಾಕ್ಷರಿಗೆ ಮತ ಹಾಕಿ, ಸಭಾಂಗಣದಲ್ಲೆಲ್ಲ ಗಂಡನನ್ನು ಹುಡುಕಿ, ಮನೆಗೆ ಹೋಗಿರಬೇಕೆಂದು ರೌಸ್ ಹಿಲ್ಲಿಗೆ ಬಂದಿದ್ದಳು.

"ಎಂಟು ರೊಟ್ಟಿ ಬಡದಿಟ್ಟೀನ್ರಿ. ನಿಮ್ಮ ತಾಟೂ ಹಾಕಿಟ್ಟೀನಿ" ಎಂದಳು. ಈಗ ನಗು ಇರಲಿಲ್ಲ.

ಫೋನನ್ನು ಆದ್ಯಾ ಕಸಿದುಕೊಂಡಳು. "ಅಪ್ಪಾ, ಐ ಸಾ ಯೂ! ಏರ್‌ಪೋರ್ಟ್ ಶಾಪ್‌ನಲ್ಲಿ! ಸೇಮ್ ಬ್ಯಾಗ್, ಸೇಮ್ ಬಾಲ್ಡ್ ಸ್ಪಾಟ್! ಅಮ್ಮ ಸೆಡ್, ಅಪ್ಪ ಎಲೆಕ್ಷನ್‌ನಲ್ಲಿದ್ದಾರೆ, ಸುಮ್ನೆ ಬಾ!"

ಯೋಗೀಶ ಮೆಟ್ಟಿಲ ಮೇಲೆ ಕೂತುಬಿಟ್ಟ. ಹಿಂದಿನಿಂದ ಅಹಲ್ಯಾಳ ದನಿ ಕೇಳುತ್ತಿತ್ತು. ಇವತ್ತಿನ ವಿಮಾನಗಳೆಲ್ಲ ಭರ್ತಿಯಂತೆ, ಬೆಳಗ್ಗೆ ಆರರದ್ದೇ ಸಿಕ್ಕಿತಂತೆ, ಆದ್ಯಾಗೆ ಸ್ಕೂಲು, ತನಗೆ ಡ್ಯೂಟಿ. ಯೋಗೀಶನಿಗೂ ಆರರದ್ದೇ, ಇಲ್ಲಿಂದ ಅಲ್ಲಿಗೆ. ಒಂಬತ್ತೂವರೆಗೆ ಅವನ ಮೀಟಿಂಗು.

ಅಷ್ಟರಲ್ಲಿ ಇನ್ನೊಂದು ಕರೆ ಬಂತು, ಸುಬ್ಬಣ್ಣನದು. "ಗೆದ್ವಿ ಕಣ್ರೀ! ಎಣಿಸಿದಾಗ ನೂರ ಹತ್ತೊಂಬತ್ತು, ನೂರ ಹತ್ತೊಂಬತ್ತು. ಸಮ! ಆಗ ನಾನು ಎದ್ದು ಆಬ್ಜೆಕ್ಷನ್ ಹಾಕಿದೆ. ಕಡೇ ವೋಟು ನಿಮ್ಮ ಹೆಂಡ್ತಿ ಹೆಸರಲ್ಲಿ ಯಾರೋ ಬಂದು ಹಾಕಿದ್ದು, ಅದನ್ನ ಅನುಮಾನ ಅಂತ ಬೇರೆ ಕವರಲ್ಲಿ ಇಡಿಸಿದ್ದೆ. ಆಯಮ್ಮ ಇರೋದು ಬೇರೆ ರಾಜ್ಯದಲ್ಲಿ, ಮೆಲ್ಬರ್ನಲ್ಲಿ, ಅವ್ರ ಗಂಡನೇ ನನ್ ಮುಂದೆ ಒಪ್ಕೊಂಡಿದ್ದಾರೆ ಅಂದೆ. ಹೆಸರು ಪಟ್ಟಿಯಿಂದ ಹೊಡೆದು ಹಾಕಿದ್ರು. ನಿಮ್ಮ ಒಂದು ವೋಟಲ್ಲಿ ಚಕ್ರಪಾಣಿ ಗೆದ್ರು! ಹೆಂಡ್ತಿ ಸಿಕ್ಕಿದ್ರಾ? ಖುಷಿಯಾಗಿದ್ದೀರಾ?"

ಯೋಗೀಶ ಆ ಕರೆ ಕತ್ತರಿಸಿ, ಅಹಲ್ಯಾಳ ಕರೆಗೆ ಮರಳಿದ. ಪಟ್ಟಿಯಲ್ಲಿ ತನ್ನ ಹೆಸರಿನ ಪಕ್ಕದ ಜಾಗ ಈಗ ಖಾಲಿಯಾಗಿರುತ್ತದೆ. ಇಡೀ ವರ್ಷ ಅದೊಂದು ಕಡೆಯಾದರೂ ಇಬ್ಬರೂ ಒಟ್ಟಿಗಿದ್ದರು.

"ಯಾರ್ರೀ ಫೋನ್ ಮಾಡಿದ್ದು?"

"ಯಾರೋ ಎಲೆಕ್ಷನ್‌ನವ್ರು. ಅಹಲ್ಯಾ, ನಾಳೆ ನೀನು ಆ ಕಡೆಯಿಂದ ಬರೋವಾಗ ನಾನು ಈ ಕಡೆಯಿಂದ ಬರ್ತಿರ್ತೀನಿ. ಎಲ್ಲೋ ಮೇಲೆ ಒಂದ್ ಕಡೆ ಅಕ್ಕಪಕ್ಕ ಹಾದು ಹೋಗ್ತೀವಲ್ಲ. ಕಿಟಕಿ ಪಕ್ಕ ಕೂತ್ಕೋ. ಆದ್ಯಾಗೆ ಕೈ ಬೀಸೋಕೆ ಹೇಳು."

"ಹುಚ್ಚರ ಹಂಗ ಮಾಡಬ್ಯಾಡ್ರಿ" ಎಂದಳು ಅಹಲ್ಯಾ. ಆಮೇಲೆ ತಾನೇ, "ಯಾವ ಬಾಜೂ ಕೂಡ್ಲಿ?" ಎಂದು ಕೇಳಿದಳು.

"ನೋಡಿ ಹೇಳ್ತೀನಿ" ಎಂದು ಯೋಗೀಶ ಕೋಆಲಾವನ್ನು ಕಂಕುಳಲ್ಲಿಟ್ಟುಕೊಂಡು ಫೋನಿನಲ್ಲಿ ತನ್ನ ಟಿಕೆಟ್ ತೆರೆದ. ಸುಬ್ಬಣ್ಣನ ಪಾಯಿಂಟ್ಸಿಗೆ ಸಿಕ್ಕಿದ್ದು ಮಧ್ಯದ ಸೀಟು. ಕಿಟಕಿಗಳೆಲ್ಲ ತುಂಬಿದ್ದವು.