ಬರ್ಮಾ ನೋಟಿಗೆ ಹಚ್ಚಿದ ಕುಂಕುಮ

ಅದು ದೀಪಾವಳಿ ಅಮಾವಾಸ್ಯೆಯ ಸಂಜೆ. ನನ್ನ ಹೆಂಡತಿ ಗಂಗವ್ವ ಚಲೋ ಇದ್ದಳು, ನಾನು ಅವಳ ಮೇಲೆ ಒದರುತ್ತಿದ್ದೆ. ಅಂದರೆ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ಇತ್ತು.

ಒದರಾಟದ ಕಾರಣ ಹೇಳಬೇಕಾದರೆ ನನ್ನ ಹುಚ್ಚಿನ ಸಂಗತಿ ಹೇಳಬೇಕು. ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಕೆಲವರಿಗೆ ಇಸ್ಪೀಟು, ಕೆಲವರಿಗೆ ನಾಟಕ. ಏಳನೇ ತರಗತಿಯ ಮುಲ್ಕಿ ಪರೀಕ್ಷೆವರೆಗೆ ಓದಿ ವಿಜಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟ ನನಗೆ, ಎಲ್ಲಿಯೂ ನಡೆಯದ ನೋಟು ಕೂಡಿಡುವ ಹುಚ್ಚು. ಎರಡನೆಯ ಮಹಾಯುದ್ಧಕ್ಕೆ ಹೋಗಿದ್ದ ತಿಕೋಟಾ, ಬಬಲೇಶ್ವರ ಕಡೆಯ ಸಿಪಾಯಿಗಳು ಮರಳಿ ಎಷ್ಟೋ ವರ್ಷವಾದರೂ ಅವರ ದಪ್ಪ ಕೋಟುಗಳು ಹರಿದಿರಲಿಲ್ಲ. ಅವನ್ನು ಬಿಚ್ಚಿ ಮಕ್ಕಳಿಗೆ ಜಾಕೀಟು ಹೊಲಿಸಲು ನನ್ನಲ್ಲಿಗೆ ತರುತ್ತಿದ್ದರು. ಒಮ್ಮೆ ಕನಮಡಿಯ ಮಾಜಿ ಸಿಪಾಯಿಯೊಬ್ಬನ ಕೋಟಿನ ಅಸ್ತರು ಬಿಚ್ಚಿದೆ. ಇಟಲಿಯ ಲಿರಾ ನೋಟೊಂದು ಬಿತ್ತು. ಪರದೇಶದಲ್ಲಿದ್ದ ದಂಡಿಗೆಂದೇ ಅಚ್ಚು ಹಾಕಿಸಿ ಹಂಚಿದ ನೋಟು.

"ಇಟ್ಕೋ ಅಣ್ಣಾ. ಅಲ್ಲೇ ನಡೀತಿತ್ತು ಅದು. ಇಲ್ಲಿ ಬೀಡಿ ಹಚ್ಚಾಕಷ್ಟ ಬರತೈತಿ," ಎಂದ.

ಅಂದಿನಿಂದ ನಾನು ಕೋಟು ಹೊಲಿಯುವುದಕ್ಕಿಂತ ಬಿಚ್ಚುವುದರಲ್ಲೇ ಹುರುಪು ತೋರಿಸತೊಡಗಿದೆ. ಹಾಗೆ ಕೂಡಿದ ನೋಟುಗಳಲ್ಲಿ ಎಲ್ಲಕ್ಕಿಂತ ನನಗೆ ಪ್ರೀತಿಯದು ಬರ್ಮಾದ ನೋಟು. ನೋಡಿದರೆ ನಮ್ಮ ರೂಪಾಯಿಯೇ, ರಾಜನ ಮುಖವೂ ಅದೇ. ಆದರೆ ಬರ್ಮಾದಲ್ಲಿ ಮಾತ್ರ ನಡೆಯುತ್ತದೆಂದು ಮೇಲೆ ಇಂಗ್ಲಿಷಿನಲ್ಲಿ ಒತ್ತಿದ್ದರು. ಒಂದು ಮಡಿಕೆಯೂ ಇಲ್ಲದಂತೆ ಅದನ್ನು ಕಾಪಾಡಿದ್ದೆ.

ಅಮಾವಾಸ್ಯೆಯಂದು ಅಂಗಡಿಯಲ್ಲಿ ಲಕ್ಷ್ಮೀಪೂಜೆ. ಓಣಿಯವರು ಎಲೆ ಅಡಿಕೆಗೆ ಬರುತ್ತಾರೆ, ಬಂದವರ ಕಣ್ಣು ಮೊದಲು ಹೋಗುವುದು ದೇವಿಯ ಮುಂದಿನ ತಾಟಿಗೆ. ಆ ವರ್ಷ ನಮ್ಮ ಗಲ್ಲಾಪೆಟ್ಟಿಗೆಯಲ್ಲಿ ತಾಟು ತುಂಬುವಂಥದ್ದೇನೂ ಇರಲಿಲ್ಲ. ಗಂಗವ್ವ ನನ್ನ ನೋಟುಗಳನ್ನೆಲ್ಲ ತಂದು ತಾಟಿನಲ್ಲಿ ಹರವಿ, ಒಂದೊಂದಕ್ಕೂ ಅರಿಸಿನ ಕುಂಕುಮ ಹಚ್ಚಿಬಿಟ್ಟಿದ್ದಳು. ಬರ್ಮಾದ ರಾಜನ ಹಣೆಗೂ ಹಚ್ಚಿದ್ದಳು.

"ಏನ್ ಮಾಡಿದ್ಯೇ ಇದು! ಇವು ನಡಿಯೂ ನೋಟಲ್ಲ!" ಎಂದು ಒದರಿದೆ.

"ಮೆಲ್ಲಕ ಮಾತಾಡ್ರಿ, ಮಂದಿ ಬರಾಕತ್ತಾರ. ನಡಿಯೂವು ಇದ್ರ ನಿಮ್ಮ ಕೈಯಾಗ ಉಳೀತಿದ್ವೇನು?"

ಬಾಜೂ ಅಂಗಡಿಯ ಮಲ್ಲಪ್ಪ ತಾಟಿನತ್ತ ಕಣ್ಣರಳಿಸಿ, "ಏನೋ ಟೇಲರಾ, ಫಾರಿನ್ ಗಿರಾಕಿನೂ ಹಿಡದೀಯಲ್ಲ!" ಎಂದ. ಗಂಗವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಮರುದಿನ ಎಲ್ಲವನ್ನೂ ಒರೆಸಿ ತೆಗೆದರಾಯಿತೆಂದು ನಾನು ಎಲೆ ಅಡಿಕೆ ಹಂಚತೊಡಗಿದೆ.

ಮರುದಿನ ಅವಳಿಗೆ ಜ್ವರ ಬಂತು. ವಾರ ತುಂಬುವುದರೊಳಗೆ ಹೋದಳು. ಒರೆಸುವ ಕೆಲಸ ಉಳಿಯಿತು.

ಮುಂದೆ ಬೇಸಿಗೆಯಲ್ಲಿ ಸೊಲ್ಲಾಪುರದಿಂದ ನನ್ನಂಥದೇ ಹುಚ್ಚಿನ ವಕೀಲರೊಬ್ಬರು ಹುಡುಕಿಕೊಂಡು ಬಂದರು. ಇಟಲಿಯ ಸಾಲಿನಲ್ಲಿ ನನ್ನ ಬಳಿ ಹತ್ತು ಲಿರಾದ್ದೊಂದೇ ಇರಲಿಲ್ಲ. ಅದು ಅವರ ಕೈಯಲ್ಲಿತ್ತು. ಬದಲಿಗೆ ಬರ್ಮಾದ್ದು ಕೇಳಿದರು. ಬೆಳಕಿಗೆ ಹಿಡಿದು ಮುಖ ಕಿವಿಚಿದರು.

"ಕುಂಕುಮ ಹತ್ತ್ಯದಲ್ರೀ! ತೆಗೆದು ಕೊಡ್ರಿ. ಕಲೆ ತೆಗಿಯೋದು ದರ್ಜಿಗೆ ನಾ ಹೇಳಿಕೊಡಬೇಕೇನು?"

"ಇದು ಬಿಡೂದಿಲ್ರಿ ವಕೀಲರ," ಎಂದೆ. "ಭಾಳ ಸಲ ತಿಕ್ಕಿ ನೋಡೇನಿ."

ಒಂದು ಸಲವೂ ತಿಕ್ಕಿ ನೋಡಿರಲಿಲ್ಲ. ಒಣ ಕುಂಕುಮ, ಬ್ರೆಡ್ಡಿನ ಮಿದು ತಿರುಳಿನಿಂದ ಮೆಲ್ಲಗೆ ತಿಕ್ಕಿದರೆ ಹೋಗುವಂಥದ್ದು. ವಕೀಲರು ನನ್ನನ್ನೂ ನನ್ನ ಹೊಲಿಗೆ ಯಂತ್ರವನ್ನೂ ಒಮ್ಮೆ ಕನಿಕರದಿಂದ ನೋಡಿ ಬಸ್ಸು ಹಿಡಿದರು. ಕಲೆ ತೆಗೆಯಲು ಬಾರದ ದರ್ಜಿ ಎಂಬ ಹೆಸರು ಸೊಲ್ಲಾಪುರದವರೆಗೆ ಹೋಗಿದೆಯಂತೆ. ಅಲ್ಲಿಂದ ನನಗೇನೂ ಗಿರಾಕಿ ಬರುತ್ತಿರಲಿಲ್ಲ, ಬಿಡಿ.

ಹತ್ತು ಲಿರಾದ ನೋಟು ನನ್ನಲ್ಲಿ ಇನ್ನೂ ಇಲ್ಲ.